ಪರರು ಕಂಡದ್ದು, ತಾನು ನಂಬಿದ್ದು

ಯುದ್ಧನೌಕೆ, ವಿಮಾನ ಮತ್ತು ನೆಲದ ರಾಡಾರ್ ಕೇಂದ್ರಗಳು ತಾವು ಕಂಡದ್ದನ್ನು ಬಾಯಿಮಾತಿನಲ್ಲಿ ಹೇಳದೆ, ಕಂಪ್ಯೂಟರಿನಿಂದ ಕಂಪ್ಯೂಟರಿಗೆ ರೇಡಿಯೊ ಮೂಲಕ ರವಾನಿಸುವ ಜಾಲಕ್ಕೆ ಟ್ಯಾಕ್ಟಿಕಲ್ ಡೇಟಾ ಲಿಂಕ್ ಎಂದು ಹೆಸರು. ಈ ಜಾಲಕ್ಕೆ ಸೇರಿದ ಪೈಲಟ್ ತನ್ನ ರಾಡಾರನ್ನು ಚಾಲೂ ಮಾಡದೆಯೇ ದೂರದ ವಿಮಾನವೊಂದರ ಚಲನೆಯನ್ನು ಪರದೆಯ ಮೇಲೆ ಅನುಸರಿಸಬಲ್ಲ. ಅವನಿಗಾದ ಅರಿವು ಪ್ರತ್ಯಕ್ಷವೋ, ಇನ್ನೊಬ್ಬರ ಮಾತನ್ನು ನಂಬಿ ಪಡೆದದ್ದೋ? ಪ್ರಮಾಣದ, ಅಂದರೆ ಸರಿಯಾದ ಅರಿವಿನ ಸಾಧನದ, ಬಗೆಗಿನ ಈ ಪ್ರಶ್ನೆಯನ್ನು ಭಾರತೀಯ ದರ್ಶನಗಳು ಶತಮಾನಗಳ ಕಾಲ ಚರ್ಚಿಸಿವೆ. ಇಲ್ಲಿ ಅದರ ಉತ್ತರವನ್ನು ಅವಲಂಬಿಸಿ ಕ್ಷಿಪಣಿ ಹಾರುತ್ತದೆ.

ನ್ಯಾಟೊ ದೇಶಗಳು ಬಳಸುವ ಲಿಂಕ್ 16 ಸಮಯವನ್ನು ಹಂಚಿಕೊಂಡು ಕೆಲಸ ಮಾಡುತ್ತದೆ. ಒಂದು ಸೆಕೆಂಡಿನಲ್ಲಿ 128 ಸರದಿಗಳು. ಒಂದೊಂದರ ಅವಧಿ 7.8125 ಮಿಲಿಸೆಕೆಂಡ್. ಯಾವ ಸರದಿ ಯಾರದು ಎಂಬುದು ಮೊದಲೇ ಗೊತ್ತಾಗಿರುತ್ತದೆ. ಒಬ್ಬರು ಕಳಿಸುವಾಗ ಮಿಕ್ಕವರು ಕೇಳಿಸಿಕೊಳ್ಳುತ್ತಾರೆ. ಗೂಢಲಿಪಿಯಲ್ಲಿರುವ ಸಂದೇಶ 51 ಆವರ್ತನಗಳ ನಡುವೆ ಜಿಗಿಯುತ್ತ ಸಾಗುವುದರಿಂದ ಶತ್ರು ಅದನ್ನು ಹಿಡಿಯುವುದೂ ಕೆಡಿಸುವುದೂ ಕಷ್ಟ. ಅದಕ್ಕಿಂತ ಹಳೆಯ ಲಿಂಕ್ 11ರಲ್ಲಿ ನಿಯಂತ್ರಣ ಕೇಂದ್ರವೊಂದು ಒಬ್ಬೊಬ್ಬರನ್ನೇ ಕರೆದು ಕೇಳಬೇಕಿತ್ತು. ಆ ಕೇಂದ್ರ ಹೋದರೆ ಜಾಲವೂ ನಿಲ್ಲುತ್ತಿತ್ತು. ಲಿಂಕ್ 16ಕ್ಕೆ ಅಂಥ ಕೇಂದ್ರ ಬೇಕಿಲ್ಲ.

ಜಾಲದಲ್ಲಿ ಗುರುತಿಸಿದ ಪ್ರತಿಯೊಂದು ವಸ್ತುವಿಗೂ ಟ್ರ್ಯಾಕ್ ಸಂಖ್ಯೆ ಕೊಡಲಾಗುತ್ತದೆ. ಅದರೊಂದಿಗೆ, ಸ್ಥಾನದ ಮಾಹಿತಿ ಎಷ್ಟು ನಿಖರ ಎಂದು ತಿಳಿಸುವ 0ಯಿಂದ 15ರವರೆಗಿನ ಗುಣಾಂಕವೂ ಇರುತ್ತದೆ. ಒಂದೇ ವಿಮಾನವನ್ನು ಹಲವರು ಕಂಡಾಗ ಗುಣಾಂಕ ಹೆಚ್ಚಿರುವವರು ವರದಿ ಮಾಡುತ್ತಾರೆ, ಉಳಿದವರು ಸುಮ್ಮನಿರುತ್ತಾರೆ. ನ್ಯಾಯದರ್ಶನ ಹೇಳುವ ಆಪ್ತನ ಲಕ್ಷಣಕ್ಕೆ ಇದು ತುಂಬ ಹತ್ತಿರ ಬರುತ್ತದೆ. ವಾತ್ಸ್ಯಾಯನನ ಭಾಷ್ಯದ ಪ್ರಕಾರ, ವಿಷಯವನ್ನು ನೇರವಾಗಿ ಅರಿತು, ಅರಿತಂತೆಯೇ ತಿಳಿಸಲು ಬಯಸುವವನು ಆಪ್ತ. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ. ಕುಲ, ಪದವಿಗಳನ್ನು ಬದಿಗಿಟ್ಟು ಅರಿವಿನ ಗುಣವನ್ನಷ್ಟೇ ಕೇಳುವ ಈ ನಿಲುವು ಇಂದಿಗೂ ಬೆರಗು ಹುಟ್ಟಿಸುತ್ತದೆ. ಆದರೆ ಜಾಲದ ಗುಣಾಂಕ ಅಳೆಯುವುದು ವಸ್ತು ಎಲ್ಲಿದೆ ಎಂಬುದನ್ನು ಮಾತ್ರ. ಅದು ಯಾರದು, ಮಿತ್ರನೋ ಶತ್ರುವೋ ಎಂಬುದು ಬೇರೆಯೇ ನಿರ್ಣಯ. ಪರದೆಯ ಮೇಲೆ ಇವೆರಡೂ ಒಂದೇ ಚಿಹ್ನೆಯಲ್ಲಿ ಬೆರೆತು ಕಾಣುತ್ತವೆ. ಅಪಾಯ ಹುಟ್ಟುವುದು ಅಲ್ಲೇ.

ಬಂದ ಮಾತನ್ನು ಎಷ್ಟು ನಂಬಬೇಕು ಎಂಬ ವಿಷಯದಲ್ಲಿ ದರ್ಶನಗಳು ಬೇರೆಯಾಗುತ್ತವೆ. ಮೀಮಾಂಸಕರಿಗೆ ಜ್ಞಾನ ಸ್ವತಃ ಪ್ರಮಾಣ. ಬಾಧಕ ಕಾಣುವವರೆಗೆ ಅದು ನಿಲ್ಲುತ್ತದೆ. ಮಧ್ವಾಚಾರ್ಯರ ಪರಂಪರೆಯೂ ಸ್ವತಃ ಪ್ರಾಮಾಣ್ಯವನ್ನು ಒಪ್ಪುತ್ತದೆ, ಆದರೆ ಅದನ್ನು ಗ್ರಹಿಸುವ ಕೆಲಸವನ್ನು ಸಾಕ್ಷಿಗೆ, ಅಂದರೆ ಅರಿಯುವವನ ಒಳಗಿನ ಚೈತನ್ಯಕ್ಕೆ, ವಹಿಸುತ್ತದೆ. ನೈಯಾಯಿಕರಿಗೆ ಪ್ರಾಮಾಣ್ಯ ಹೊರಗಿನಿಂದ ಸಿದ್ಧವಾಗಬೇಕು: ದೂರದಲ್ಲಿ ಕಂಡದ್ದು ನೀರೋ ಮರೀಚಿಕೆಯೋ ಎಂಬುದು ಹೋಗಿ ಕುಡಿದಾಗ ತೀರ್ಮಾನವಾಗುತ್ತದೆ. ಯುದ್ಧಜಾಲದಲ್ಲಿ ಈ ಕೊನೆಯ ಪರೀಕ್ಷೆಗೆ ಎಡೆಯಿಲ್ಲ. ಕ್ರಿಯೆಯ ಫಲದಿಂದ ಅರಿವನ್ನು ಒರೆಗೆ ಹಚ್ಚಬೇಕಾದರೆ ಮೊದಲು ಕ್ಷಿಪಣಿ ಹಾರಬೇಕು.

1988ರ ಜುಲೈ 3ರಂದು ಪರ್ಷಿಯನ್ ಕೊಲ್ಲಿಯಲ್ಲಿ ಆದದ್ದು ಇದೇ. ಬಂದರ್ ಅಬ್ಬಾಸ್‌ನಿಂದ ದುಬೈಗೆ ಹೊರಟಿದ್ದ ಇರಾನ್ ಏರ್ 655 ಪ್ರಯಾಣಿಕ ವಿಮಾನವನ್ನು ಅಮೆರಿಕದ ವಿನ್ಸೆನ್ಸ್ ಯುದ್ಧನೌಕೆ ಎಫ್-14 ಯುದ್ಧವಿಮಾನವೆಂದು ತಿಳಿದು ಹೊಡೆದುರುಳಿಸಿತು. 290 ಜನ ಸತ್ತರು. ಆ ದಿನ ವಿನ್ಸೆನ್ಸ್ ಮತ್ತು ಸೈಡ್ಸ್ ನೌಕೆಗಳು ಲಿಂಕ್ 11ರಿಂದ ಜೋಡಿಸಿಕೊಂಡಿದ್ದವು. ವಿಮಾನಕ್ಕೆ ವಿನ್ಸೆನ್ಸ್ ಕೊಟ್ಟ ಸಂಖ್ಯೆ 4474, ಸೈಡ್ಸ್ ಕೊಟ್ಟದ್ದು 4131. ಎರಡೂ ಒಂದೇ ವಿಮಾನ ಎಂದು ತಿಳಿದ ವ್ಯವಸ್ಥೆ 4131ನ್ನು ಉಳಿಸಿಕೊಂಡಿತು. ಬಿಡುವಾದ 4474 ದೂರದ ಇನ್ನೊಂದು ವಿಮಾನಕ್ಕೆ ಹೋಯಿತು. ವಿನ್ಸೆನ್ಸ್ ನೌಕೆಯ ಕ್ಯಾಪ್ಟನ್ ಹಳೆಯ ಸಂಖ್ಯೆಯಿಂದಲೇ ವಿಚಾರಿಸಿದರು. ವಿಮಾನ ಕೆಳಗಿಳಿಯುತ್ತಿದೆ ಎಂಬ ತಪ್ಪು ಮಾತು ಹರಡಿದ್ದು ಈ ಗೊಂದಲದಿಂದ ಎಂಬುದು ನಂತರದ ವಿಶ್ಲೇಷಕರು ಮುಂದಿಟ್ಟ ವಿವರಣೆಗಳಲ್ಲಿ ಒಂದು. ನೌಕೆಯ ಯಂತ್ರಗಳು ದಾಖಲಿಸಿದ ಪ್ರಕಾರ ವಿಮಾನ ಮೇಲೇರುತ್ತಲೇ ಇತ್ತು.

ಒಟ್ಟಾರೆ, ಎರಡು ಕಡೆಯಿಂದ ಕಂಡ ವಸ್ತು ಒಂದೇ ಎಂಬ ಅಭೇದಜ್ಞಾನವನ್ನು ಜಾಲ ಸರಿಯಾಗಿಯೇ ಪಡೆದಿತ್ತು. ಆ ಜ್ಞಾನ ಮನುಷ್ಯರನ್ನು ಮುಟ್ಟಲಿಲ್ಲ. ಹೀಗಾಗಿ ತಪ್ಪನ್ನು ಯಂತ್ರದ ಮೇಲೆ ಹೊರಿಸುವುದು ಅನ್ಯಾಯ. ಕ್ಯಾಪ್ಟನ್ ಒಬ್ಬರ ಮೇಲೆ ಹೊರಿಸಿ ಮುಗಿಸುವುದೂ ಅಷ್ಟೇ ಅನ್ಯಾಯ. ಸಂಖ್ಯೆ ಬದಲಾದದ್ದನ್ನು ಗಟ್ಟಿಯಾಗಿ ತಿಳಿಸದ ವಿನ್ಯಾಸಕ್ಕೆ ಅದರ ಪಾಲಿದೆ. ಆದರೂ ಗುಂಡಿ ಒತ್ತುವ ಅಧಿಕಾರ ಇರುವವನ ಹೊಣೆ ಇದರಿಂದ ಕರಗುವುದಿಲ್ಲ. ಕೇಳಿ ಪಡೆದ ಜ್ಞಾನವನ್ನು ಕಂಡ ಜ್ಞಾನವೆಂದು ಭಾವಿಸುವುದನ್ನು ತಡೆಯುವ ಕೊನೆಯ ಅವಕಾಶ ಅವನದೇ: ಈ ಗುರುತನ್ನು ಕೊಟ್ಟವರು ಯಾರು, ಯಾವಾಗ ಕೊಟ್ಟರು, ಯಾವ ಆಧಾರದ ಮೇಲೆ ಕೊಟ್ಟರು ಎಂದು ಕ್ಷಿಪಣಿ ಹಾರುವ ಮುನ್ನ ಕೇಳಬಲ್ಲವನು ಅವನು.