ಬೆಳಕು ಕಡಿಮೆಯಿದ್ದಾಗ ಕಂಡದ್ದು

ತೆಂಕುತಿಟ್ಟಿನ ಯಕ್ಷಗಾನದಲ್ಲಿ ಬಣ್ಣದ ವೇಷದ ಮುಖಕ್ಕೆ ಚಿಟ್ಟಿ ಇಡುತ್ತಾರೆ. ಅಕ್ಕಿಹಿಟ್ಟಿಗೆ ಸುಣ್ಣ ಸೇರಿಸಿ ಕಲಸಿದ ಬಿಳಿಯ ಹಿಟ್ಟನ್ನು ಕಡ್ಡಿಯಿಂದ ಎತ್ತಿ, ಮುಖದ ಮೇಲೆ ಚುಕ್ಕೆ ಚುಕ್ಕೆಯಾಗಿ, ಮುಳ್ಳಿನ ಸಾಲಿನಂತೆ ಕೂರಿಸುವ ಕೆಲಸ ಅದು. ಗಂಟೆಗಟ್ಟಲೆ ಹಿಡಿಯುತ್ತದೆ. ರಾವಣನನ್ನೋ ಮಹಿಷಾಸುರನನ್ನೋ ಮನುಷ್ಯಮುಖದಿಂದ ಬೇರೆ ಮಾಡುವುದರಲ್ಲಿ ಈ ಚುಕ್ಕೆಗಳ ಪಾಲು ದೊಡ್ಡದು. ರಾತ್ರಿಯಿಡೀ ನಡೆಯುವ ಆಟದಲ್ಲಿ ಇಂಥ ವೇಷ ರಂಗಕ್ಕೆ ಬರುವಾಗ ಹೊತ್ತು ಬಹಳ ಆಗಿರುತ್ತದೆ. ಕಲಾವಿದರ ಕಣ್ಣಿಗೆ ಫ್ಲ್ಯಾಶ್ ಹೊಡೆಯದೆ, ರಂಗದಲ್ಲಿರುವಷ್ಟೇ ಬೆಳಕಿನಲ್ಲಿ, ಕುಣಿತವನ್ನು ಹಿಡಿದು ನಿಲ್ಲಿಸುವಷ್ಟು ವೇಗದ ಶಟರ್‌ನಿಂದ ಫೋಟೋ ತೆಗೆಯಬೇಕೆಂದರೆ ಐಎಸ್‌ಒ 6400ರ ಸುತ್ತಮುತ್ತ ಹೋಗದೆ ಗತಿಯಿಲ್ಲ.

ಆ ಫೋಟೋವನ್ನು ಕಂಪ್ಯೂಟರಿನಲ್ಲಿ ತೆರೆದು ದೊಡ್ಡದು ಮಾಡಿ ನೋಡಿದರೆ ಮುಖದ ತುಂಬ ಮರಳು ಎರಚಿದಂತಿರುತ್ತದೆ. ಫೋಟೋಗ್ರಫಿಯ ಭಾಷೆಯಲ್ಲಿ ಇದು ನಾಯ್ಸ್. ನಾಯ್ಸ್ ತೆಗೆಯುವ ಸ್ಲೈಡರನ್ನು ಬಲಕ್ಕೆ ಎಳೆದರೆ ಮರಳು ಮಾಯವಾಗುತ್ತದೆ. ಅದರ ಜೊತೆಗೆ ಚಿಟ್ಟಿಯ ಮೊನೆಗಳೂ ಕರಗಿ ಒಂದು ಬಿಳಿಯ ಪಟ್ಟಿಯಾಗುತ್ತವೆ. ಅಯ್ಯೋ ಎಂದು ಶಾರ್ಪನಿಂಗ್ ಸ್ಲೈಡರನ್ನು ಎಳೆದರೆ ಪಟ್ಟಿಯ ಅಂಚು ಹರಿತವಾಗುತ್ತದೆ, ಅದರ ಸುತ್ತ ಇಲ್ಲದ ಗೆರೆಯೊಂದು ಮೂಡುತ್ತದೆ, ಉಳಿದಿದ್ದ ಮರಳು ಮತ್ತೆ ಎದ್ದು ಕಣ್ಣಿಗೆ ಚುಚ್ಚುತ್ತದೆ. ಎರಡರ ನಡುವೆ ಸಮತೋಲನ ಸಾಧಿಸಿ ಎಂದು ಎಲ್ಲ ಪಾಠಗಳೂ ಹೇಳುತ್ತವೆ. ಆದರೆ ತೂಗುತ್ತಿರುವುದು ಏನನ್ನು? ಸರಿಯಾಗಿ ಕಾಣದೇ ಇದ್ದದ್ದರ ಬಗ್ಗೆ ನಾವು ಎಷ್ಟು ಹೇಳಬಹುದು ಎಂಬ ಹಳೆಯ ಪ್ರಶ್ನೆಯೇ ಈ ಎರಡು ಸ್ಲೈಡರುಗಳ ನಡುವೆ ಕೂತಿದೆ ಎಂದು ನನಗನಿಸುತ್ತದೆ.

ಮೊದಲು ಆ ಮರಳು ಎಲ್ಲಿಂದ ಬಂತು ಎಂದು ನೋಡಬೇಕು. ಕ್ಯಾಮೆರಾ ಕಳಪೆ, ಅದಕ್ಕೇ ನಾಯ್ಸ್ ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಯಂತ್ರದ ಪಾಲು ಸ್ವಲ್ಪ ಇದೆ, ನಿಜ. ಆದರೆ ದೊಡ್ಡ ಪಾಲು ಬೆಳಕಿನದೇ. ಬೆಳಕು ಫೋಟಾನುಗಳಾಗಿ ಬಿಡಿಬಿಡಿಯಾಗಿ ಬರುತ್ತದೆ, ಮತ್ತು ಅವು ಬಂದು ಬೀಳುವುದಕ್ಕೆ ಕ್ರಮವಿಲ್ಲ. ಅಂಗಳದಲ್ಲಿ ಸಾಲಾಗಿ ತಟ್ಟೆಗಳನ್ನಿಟ್ಟಿದ್ದೀರಿ ಎಂದುಕೊಳ್ಳಿ. ಆಷಾಢದ ಮಳೆಯಲ್ಲಿ ಎಲ್ಲ ತಟ್ಟೆಗಳೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ತುಂಬುತ್ತವೆ. ನಾಲ್ಕು ಹನಿ ಉದುರಿ ನಿಂತ ಮಳೆಯಲ್ಲಿ ಒಂದು ತಟ್ಟೆಗೆ ಮೂರು ಹನಿ, ಪಕ್ಕದ್ದಕ್ಕೆ ಒಂದು, ಇನ್ನೊಂದಕ್ಕೆ ಏನೂ ಇಲ್ಲ. ಲೆಕ್ಕವೂ ಹೀಗೇ ಇದೆ: ಒಂದು ಪಿಕ್ಸೆಲ್ಲಿಗೆ ಸರಾಸರಿ 10,000 ಫೋಟಾನು ಬರುವಲ್ಲಿ ಏರುಪೇರು ಸುಮಾರು 100, ಅಂದರೆ ಶೇಕಡಾ 1. ಸರಾಸರಿ 100 ಬರುವಲ್ಲಿ ಏರುಪೇರು 10, ಅಂದರೆ ಶೇಕಡಾ 10. ಐಎಸ್‌ಒ 100ರಿಂದ 6400ಕ್ಕೆ ಏರಿಸಿದಾಗ ಸಂವೇದಕಕ್ಕೆ ಹೆಚ್ಚು ಬೆಳಕೇನೂ ಸಿಗುವುದಿಲ್ಲ. 64ರಲ್ಲಿ ಒಂದು ಪಾಲು ಬೆಳಕನ್ನೇ ಹಿಗ್ಗಿಸಿ ಅಷ್ಟೇ ಪ್ರಕಾಶಮಾನವಾಗಿ ತೋರಿಸುತ್ತೇವೆ. ಏರುಪೇರಿನ ಪ್ರಮಾಣ ಎಂಟು ಪಟ್ಟಾಗುತ್ತದೆ. ಹಾಗಾಗಿ ಆ ಮರಳನ್ನು ಬರೀ ಕೊಳೆ ಎನ್ನಲಾಗದು. ನನಗೆ ಸಿಕ್ಕ ಸಾಕ್ಷಿ ಇಷ್ಟೇ, ಇದಕ್ಕಿಂತ ಹೆಚ್ಚು ಖಚಿತವಾಗಿ ಹೇಳಲಾರೆ ಎಂಬ ಫೋಟೋದ ಹೇಳಿಕೆ ಅದು.

ನಾಯ್ಸ್ ತೆಗೆಯುವ ವಿಧಾನಗಳು ಹಲವು, ಆದರೆ ಅವುಗಳ ಮೂಲದಲ್ಲಿರುವ ನಂಬಿಕೆ ಒಂದೇ: ನೆರೆಹೊರೆಯವರು ಒಂದೇ ಥರ ಇರುತ್ತಾರೆ. ಒಂದು ಪಿಕ್ಸೆಲ್ ಸುತ್ತಲಿನವುಗಳಿಗಿಂತ ಬೇರೆಯಾಗಿದ್ದರೆ ಅದು ಬಹುಶಃ ತಪ್ಪಿರಬೇಕು, ಸುತ್ತಲಿನವುಗಳ ಸರಾಸರಿಗೆ ಅದನ್ನು ಎಳೆದು ತರೋಣ. 2005ರಲ್ಲಿ ಬುವಾಡೆಸ್, ಕೋಲ್ ಮತ್ತು ಮೊರೆಲ್ ಎಂಬ ಮೂವರು ಮುಂದಿಟ್ಟ ಪ್ರಸಿದ್ಧ ವಿಧಾನ ಪಕ್ಕದ ಮನೆಯನ್ನಷ್ಟೇ ಕೇಳುವುದಿಲ್ಲ. ಚಿತ್ರದ ಬೇರೆ ಕಡೆಗಳಲ್ಲಿ ಇಂಥದ್ದೇ ತುಣುಕುಗಳು ಇವೆಯೇ ಎಂದು ಹುಡುಕಿ ಅವುಗಳ ಸರಾಸರಿ ತೆಗೆಯುತ್ತದೆ. ಈಗಿನ ಎಐ ಸಾಧನಗಳು ಇನ್ನೂ ದೂರ ಹೋಗಿ, ತಾವು ಕಲಿತ ಅಸಂಖ್ಯ ಬೇರೆ ಚಿತ್ರಗಳ ಅನುಭವದಿಂದ ಉತ್ತರ ಹೇಳುತ್ತವೆ. ನೆರೆಹೊರೆ ದೊಡ್ಡದಾಯಿತು, ನಂಬಿಕೆ ಬದಲಾಗಲಿಲ್ಲ.

ಗೋಡೆ, ಆಕಾಶ, ರಂಗದ ಹಿಂದಿನ ಪರದೆ ಇವುಗಳ ಮಟ್ಟಿಗೆ ಈ ನಂಬಿಕೆ ಒಳ್ಳೆಯದೇ. ತೊಡಕು ಚಿಟ್ಟಿಯ ವಿಷಯದಲ್ಲಿ. ಸುತ್ತಲಿನಂತೆ ಇಲ್ಲದಿರುವುದೇ ನಾಯ್ಸಿನ ಲಕ್ಷಣ. ಸುತ್ತಲಿನಂತೆ ಇಲ್ಲದಿರುವುದೇ ಸೂಕ್ಷ್ಮ ವಿವರದ ಲಕ್ಷಣವೂ ಹೌದು. ಕೆಂಪು ಕಪ್ಪು ಬಣ್ಣದ ನಡುವಿನ ಒಂದು ಬಿಳಿಯ ಮೊನೆ ಕಲಾವಿದ ಇಟ್ಟದ್ದೋ, ಫೋಟಾನುಗಳ ಆಟದಿಂದ ಬಂದದ್ದೋ ಎಂಬುದನ್ನು ಆ ಒಂದು ಪಿಕ್ಸೆಲ್ ತಾನಾಗಿ ಹೇಳಲಾರದು. ಮೊರದಲ್ಲಿ ಕೇರುವವರಿಗೆ ಇದು ಗೊತ್ತು: ಗಾಳಿ ಜೋರಾದರೆ ಜೊಳ್ಳಿನ ಜೊತೆ ಸಣ್ಣ ಕಾಳೂ ಹಾರಿಹೋಗುತ್ತದೆ. ಗಾಳಿಗೆ ಗೊತ್ತಿರುವುದು ಹಗುರ ಭಾರ ಮಾತ್ರ.

ಶಾರ್ಪನಿಂಗ್ ಇದರ ವಿರುದ್ಧ ದಿಕ್ಕಿನ ಕೆಲಸ ಎಂದು ಕಾಣುತ್ತದೆ. ಅದರ ಹಳೆಯ ವಿಧಾನಕ್ಕೆ ಅನ್‌ಶಾರ್ಪ್ ಮಾಸ್ಕ್ ಎಂಬ ವಿಚಿತ್ರ ಹೆಸರು. ಡಾರ್ಕ್‌ರೂಮಿನ ಕಾಲದಲ್ಲಿ ನೆಗೆಟಿವ್‌ನಿಂದ ಮಸುಕಾದ ಒಂದು ಪಾಸಿಟಿವ್ ಪ್ರತಿ ತೆಗೆದು, ಎರಡನ್ನೂ ಒಂದರ ಮೇಲೊಂದಿಟ್ಟು ಮುದ್ರಿಸುತ್ತಿದ್ದರು. ಮೂಲದಿಂದ ಮಸುಕನ್ನು ಕಳೆದರೆ ಅಂಚುಗಳು ಎದ್ದು ಕಾಣುತ್ತವೆ. ಸಾಫ್ಟ್‌ವೇರ್ ಇಂದಿಗೂ ಇದೇ ಕಳೆಯುವ ಲೆಕ್ಕವನ್ನು ಮಾಡುತ್ತದೆ. ಅಂಚಿನ ಕಪ್ಪು ಬದಿ ಇನ್ನಷ್ಟು ಕಪ್ಪಾಗುತ್ತದೆ, ಬಿಳಿಯ ಬದಿ ಇನ್ನಷ್ಟು ಬಿಳಿಯಾಗುತ್ತದೆ. ಹೊಸ ವಿವರ ಒಂದೂ ಹುಟ್ಟುವುದಿಲ್ಲ. ಇರುವ ವ್ಯತ್ಯಾಸವನ್ನೇ ಗಟ್ಟಿ ದನಿಯಲ್ಲಿ ಹೇಳಿದಂತಾಗುತ್ತದೆ. ಆ ವ್ಯತ್ಯಾಸ ನಿಜವಾದ ಅಂಚಿನದೋ ನಾಯ್ಸಿನದೋ ಎಂದು ಅದೂ ಕೇಳುವುದಿಲ್ಲ. ಒಂದು ಸಾಧನ ಅನುಮಾನ ಬಂದದ್ದನ್ನೆಲ್ಲ ಅಳಿಸುತ್ತದೆ, ಇನ್ನೊಂದು ಅನುಮಾನವಿದ್ದರೂ ಖಚಿತ ಎಂದು ಸಾರುತ್ತದೆ. ಬಾರದೇ ಹೋದ ಬೆಳಕಿನ ಜಾಗದಲ್ಲಿ ನಮ್ಮ ನಿರೀಕ್ಷೆಯನ್ನು ಇಡುವುದರಲ್ಲಿ ಎರಡೂ ಒಂದೇ.

ಇದು ಕಂಪ್ಯೂಟರಿನಿಂದ ಶುರುವಾದ ರೋಗವಲ್ಲ. ಇಂಗ್ಲೆಂಡಿನ ಭೌತವಿಜ್ಞಾನಿ ಆರ್ಥರ್ ವರ್ದಿಂಗ್‌ಟನ್ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಹನಿಯೊಂದು ಬಿದ್ದು ಚಿಮ್ಮುವುದನ್ನು ಅಧ್ಯಯನ ಮಾಡುತ್ತಿದ್ದರು. ಕತ್ತಲ ಕೋಣೆಯಲ್ಲಿ ಹನಿ ಬೀಳುವ ಕ್ಷಣಕ್ಕೆ ವಿದ್ಯುತ್ ಕಿಡಿ ಹಾರಿಸಿ, ಆ ಒಂದು ಮಿಂಚಿನಲ್ಲಿ ಕಣ್ಣಿನಲ್ಲಿ ಉಳಿದದ್ದನ್ನು ಕೂಡಲೇ ಚಿತ್ರಿಸಿಕೊಳ್ಳುತ್ತಿದ್ದರು. ಅವರ ಚಿತ್ರಗಳಲ್ಲಿ ಚಿಮ್ಮುವ ಹನಿ ಎಲ್ಲ ಕಡೆಗೂ ಸಮನಾಗಿ ಅರಳಿದ ಹೂವಿನಂತಿತ್ತು. 1894ರಲ್ಲಿ ಅದನ್ನು ಫೋಟೋ ತೆಗೆಯಲು ಸಾಧ್ಯವಾದಾಗ ನೋಡಿದರೆ ಹೂವಿನ ಎಸಳುಗಳು ಒಂದರಂತೆ ಒಂದಿರಲಿಲ್ಲ. ಅಂಕುಡೊಂಕಾದ ಚಿತ್ರಗಳು ಅವರ ಕೈಯಿಂದಲೂ ಮೊದಲು ಬಂದಿದ್ದವು. ಹನಿ ಸರಿಯಾಗಿ ಬಿದ್ದಿಲ್ಲವೆಂದೋ ಕಣ್ಣು ತಪ್ಪಿತೆಂದೋ ಅವನ್ನು ಬದಿಗಿಟ್ಟಿದ್ದರು. ವಿಜ್ಞಾನದ ಇತಿಹಾಸಕಾರರಾದ ಲೊರೇನ್ ಡಾಸ್ಟನ್ ಮತ್ತು ಪೀಟರ್ ಗ್ಯಾಲಿಸನ್ 2007ರ ತಮ್ಮ ಪುಸ್ತಕವನ್ನು ಈ ಪ್ರಸಂಗದಿಂದಲೇ ಆರಂಭಿಸುತ್ತಾರೆ. ವರ್ದಿಂಗ್‌ಟನ್ ಮೋಸಗಾರರಲ್ಲ. ಬೆಳಕು ಕಡಿಮೆಯಿದ್ದಾಗ ಪ್ರಾಮಾಣಿಕನೊಬ್ಬ ಏನು ಮಾಡುತ್ತಾನೋ ಅದನ್ನೇ ಮಾಡಿದರು: ಹೊಂದದ್ದನ್ನು ನಾಯ್ಸ್ ಎಂದು ಬಿಟ್ಟರು, ಹೊಂದಿದ್ದಕ್ಕೆ ಅಂಚು ಕೊಟ್ಟರು.

ಹಾಗಾದರೆ ಏನನ್ನೂ ಮುಟ್ಟದೆ ಬಿಡುವುದೇ ಪ್ರಾಮಾಣಿಕತೆಯೇ? ಈ ಉತ್ತರ ಆಕರ್ಷಕ, ಆದರೆ ನಿಲ್ಲುವುದಿಲ್ಲ. ಮುಟ್ಟದ ಚಿತ್ರ ಎಂಬುದೇ ಇಲ್ಲ. ಸಾಮಾನ್ಯ ಕ್ಯಾಮೆರಾದ ಪ್ರತಿ ಪಿಕ್ಸೆಲ್ ಕೆಂಪು, ಹಸಿರು, ನೀಲಿಯಲ್ಲಿ ಒಂದನ್ನು ಮಾತ್ರ ಅಳೆಯುತ್ತದೆ. ಉಳಿದೆರಡನ್ನು ಪಕ್ಕದವುಗಳನ್ನು ನೋಡಿ ಲೆಕ್ಕ ಹಾಕುತ್ತಾರೆ. ಕ್ಯಾಮೆರಾದಿಂದ ನೇರ ಬರುವ ಜೆಪೆಗ್ ಆಗಲೇ ಒಂದು ಸುತ್ತು ನಾಯ್ಸ್ ಕಳೆದುಕೊಂಡು ಶಾರ್ಪನ್ ಆಗಿಯೇ ಬಂದಿರುತ್ತದೆ. ನಮ್ಮ ಕಣ್ಣೂ ಅಂಚುಗಳನ್ನು ಹೆಚ್ಚಿಸಿಯೇ ನೋಡುತ್ತದೆ. ಅರ್ನ್ಸ್ಟ್ ಮಾಖ್ 1865ರಲ್ಲೇ ಅದನ್ನು ವಿವರಿಸಿದ್ದರು. ಆಟ ನೋಡುತ್ತ ಕೂತ ಪ್ರೇಕ್ಷಕನಿಗೆ ಆ ರಾತ್ರಿ ಮರಳು ಕಂಡಿರಲಿಲ್ಲ, ಚಿಟ್ಟಿ ಕಂಡಿತ್ತು. ಮರಳು ತುಂಬಿದ ಫೋಟೋವನ್ನು ಹಾಗೇ ಮುಂದಿಟ್ಟು ಇದೇ ಸತ್ಯ ಎಂದರೆ ಅದೂ ಇನ್ನೊಂದು ಬಗೆಯ ಉತ್ಪ್ರೇಕ್ಷೆ.

ಇಲ್ಲಿ ನಮ್ಮದೇ ವಿದ್ವತ್ತಿನ ಒಂದು ಹಳೆಯ ಅಭ್ಯಾಸ ನೆನಪಾಗುತ್ತದೆ. ಮಳೆ ಬಿಸಿಲಿಗೆ ಸವೆದ ಶಾಸನವನ್ನು ಓದುವವರು ಇದೇ ಇಕ್ಕಟ್ಟಿನಲ್ಲಿರುತ್ತಾರೆ. ಕಲ್ಲಿನ ಮೇಲಿನ ಗೀರು ಅಕ್ಷರದ್ದೋ ಕಾಲದ್ದೋ? ಅವರು ಓದುತ್ತಾರೆ, ಊಹಿಸುತ್ತಾರೆ, ಊಹಿಸದೆ ಶಾಸನ ಅರ್ಥವಾಗುವುದಿಲ್ಲ. ಆದರೆ ಅಚ್ಚು ಹಾಕುವಾಗ ಅಳಿದುಹೋದ ಜಾಗಕ್ಕೆ ಚುಕ್ಕೆಗಳನ್ನಿಡುತ್ತಾರೆ, ತಾವು ತುಂಬಿದ ಅಕ್ಷರವನ್ನು ಕಂಸದೊಳಗಿಡುತ್ತಾರೆ. ಕಲ್ಲು ಹೇಳಿದ್ದೆಷ್ಟು, ಸಂಪಾದಕ ಹೇಳಿದ್ದೆಷ್ಟು ಎಂಬುದು ಓದುಗನಿಗೆ ಗೊತ್ತಾಗುತ್ತದೆ. ಓಲೆಗರಿಗಳನ್ನು ಹೋಲಿಸಿ ಪಾಠ ನಿರ್ಧರಿಸುವವರು ಇನ್ನೊಂದು ಎಚ್ಚರವನ್ನೂ ಹೇಳುತ್ತಾರೆ: ಎರಡು ಪ್ರತಿಗಳಲ್ಲಿ ಒಂದು ಕಡೆ ಅಪರೂಪದ ಪದ, ಇನ್ನೊಂದು ಕಡೆ ಸುಲಭದ ಪದ ಇದ್ದರೆ ಅಪರೂಪದ್ದನ್ನು ಥಟ್ಟನೆ ತಳ್ಳಿಹಾಕಬೇಡ. ಲಿಪಿಕಾರ ತನಗೆ ತಿಳಿಯದ ಪದವನ್ನು ತಿಳಿದ ಪದಕ್ಕೆ ತಿದ್ದುವುದು ಸಹಜ, ತಿಳಿದದ್ದನ್ನು ತಿಳಿಯದ್ದಕ್ಕೆ ತಿದ್ದುವುದು ಅಸಹಜ.

ಆ ಲಿಪಿಕಾರನ ಜಾಗದಲ್ಲಿ ಈಗ ಎಐ ಕೂತಿದೆ. ಅದರ ನಿರೀಕ್ಷೆ ರೂಪುಗೊಂಡಿರುವುದು ಅದು ಹೆಚ್ಚು ಹೆಚ್ಚು ನೋಡಿದ್ದರಿಂದ. ಸಾವಿರ ಸಲ ಕಂಡ ಬಗೆಯ ಕಣ್ರೆಪ್ಪೆಯನ್ನು ಮಬ್ಬಿನಿಂದಲೂ ಚೆನ್ನಾಗಿ ಎತ್ತಿ ಕೊಡುತ್ತದೆ. ಎಂದೂ ಕಾಣದ ಚಿಟ್ಟಿಯನ್ನು ನಯವಾದ ಚರ್ಮವಾಗಿಯೋ ಇನ್ಯಾವುದೋ ಹೆಣಿಗೆಯಾಗಿಯೋ ಬದಲಿಸಿಬಿಡುವ ಸಾಧ್ಯತೆ ಇದ್ದೇ ಇರುತ್ತದೆ. ನಯಗೊಳಿಸುವ ಕೆಲಸದ ನಷ್ಟ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ಜಗತ್ತು ಕಡಿಮೆ ನೋಡಿರುವುದರ ಮೇಲೆ ಹೆಚ್ಚು ಬೀಳುತ್ತದೆ. ನನ್ನ ಮಟ್ಟಿಗೆ ಈ ಪ್ರಶ್ನೆ ನೈತಿಕವಾಗುವುದು ಇಲ್ಲಿ. ನಾಳೆ ಆ ವೇಷ ಕಟ್ಟುವವರು ಇಲ್ಲವಾದರೆ, ಫೋಟೋ ನೋಡಿ ಕಲಿಯುವವನಿಗೆ ಚಿಟ್ಟಿಯ ಸಾಲು ಎಷ್ಟು, ಮೊನೆ ಎಷ್ಟು ಎತ್ತರ ಎಂದು ಹೇಳಬೇಕಾದದ್ದು ಆ ಚಿತ್ರವೇ.

ಹಾಗೆಂದು ಎಲ್ಲ ಫೋಟೋಗಳೂ ದಾಖಲೆಗಳಲ್ಲ. ನಮ್ಮ ಎಷ್ಟೋ ಮನೆಗಳ ಗೋಡೆಯ ಮೇಲೆ ಹಾರ ಹಾಕಿದ ಚಿತ್ರವೊಂದಿರುತ್ತದೆ. ಮದುವೆಯ ಗುಂಪು ಫೋಟೋದ ಹಿಂದಿನ ಸಾಲಿನಿಂದ ಬಿಡಿಸಿ, ದೊಡ್ಡದು ಮಾಡಿ, ಸ್ಟುಡಿಯೋದವರು ಕಣ್ಣಿಗೆ ಹೊಳಪು ಕೊಟ್ಟು, ಕೂದಲು ತಿದ್ದಿ, ಕೆಲವೊಮ್ಮೆ ಅಂಗಿಯನ್ನೂ ಬರೆದು ಕೊಟ್ಟ ಮುಖ ಅದು. ಅದನ್ನು ಸುಳ್ಳು ಎನ್ನಲು ನನಗೆ ಬಾಯಿ ಬರುವುದಿಲ್ಲ. ಆ ಮನೆಯವರಿಗೆ ದೀಪ ಹಚ್ಚಲು ಒಂದು ಮುಖ ಬೇಕಿತ್ತು. ತಿದ್ದಿದ್ದು ಅವರಿಗೆ ಗೊತ್ತಿದೆ, ಯಾರೂ ಮೋಸ ಹೋಗಿಲ್ಲ. ಅದೇ ಚಿತ್ರವನ್ನು ನಾಳೆ ಯಾರೋ ಪುಸ್ತಕವೊಂದರಲ್ಲಿ ಹಾಕಿ, ಇವರು ಹೀಗಿದ್ದರು ಎಂದು ಕೆಳಗೆ ಬರೆದರೆ ಮಾತು ಬೇರೆಯಾಗುತ್ತದೆ. ತಿದ್ದುವಿಕೆ ಒಂದೇ, ನೋಡುವವನಿಗೆ ಕೊಟ್ಟ ಮಾತು ಬೇರೆ.

ಹೀಗೆ ಯೋಚಿಸಿದರೆ ಸಮತೋಲನ ಎಂಬುದು ಎರಡು ಸ್ಲೈಡರುಗಳ ನಡುವಿನ ಒಂದು ಅಂಕಿಯಾಗಿ ಉಳಿಯುವುದಿಲ್ಲ. ಬಣ್ಣದ ಕಲೆಗಳಾಗಿ ಕಾಣುವ ನಾಯ್ಸನ್ನು ಸಾಕಷ್ಟು ಧಾರಾಳವಾಗಿ ತೆಗೆಯಬಹುದು, ಏಕೆಂದರೆ ಸಣ್ಣ ವಿವರಗಳನ್ನು ನಮ್ಮ ಕಣ್ಣು ಬಣ್ಣಕ್ಕಿಂತ ಹೆಚ್ಚಾಗಿ ಬೆಳಕು ನೆರಳಿನಲ್ಲಿ ಓದುತ್ತದೆ. ಬೆಳಕಿನ ನಾಯ್ಸನ್ನು ಹಿಂದಿನ ಪರದೆಯಲ್ಲಿ ಕಳೆದು, ಮುಖದಲ್ಲಿ ಅರ್ಧಕ್ಕೆ ಬಿಡಬಹುದು. ಶಾರ್ಪನಿಂಗನ್ನು ಕೊನೆಗೆ, ಮಾಸ್ಕ್ ಹಾಕಿ, ನಿಜವಾದ ಅಂಚು ಎಂದು ತಿಳಿದಲ್ಲಿ ಮಾತ್ರ ಕೊಡಬಹುದು. ತಿಳಿಯಬೇಕಾದರೆ ವೇಷ ಕಟ್ಟುವುದನ್ನು ಚೌಕಿಯಲ್ಲಿ ಕೂತು ನೋಡಿರಬೇಕು, ಇಲ್ಲವೇ ನೋಡಿದವರನ್ನು ಕೇಳಬೇಕು. ಪರದೆಯ ಮೇಲೆ ಎಷ್ಟು ದೊಡ್ಡದು ಮಾಡಿ ನೋಡಿದರೂ ಅದು ಸಿಗುವುದಿಲ್ಲ. ಕೊನೆಗೆ, ಕ್ಯಾಮೆರಾ ಕೊಟ್ಟ ರಾ ಫೈಲನ್ನು ಅಳಿಸದೆ ಇಟ್ಟು, ತಿದ್ದಿದ ಪ್ರತಿಯ ಜೊತೆ ಏನೇನು ತಿದ್ದಿದೆ ಎಂದು ಎರಡು ಸಾಲು ಬರೆದಿಡಬೇಕು. ಶಾಸನದ ಸಂಪಾದಕರು ಕಂಸ ಹಾಕುವುದು ಅದಕ್ಕೇ: ಮುಂದೆ ಬರುವವನಿಗೆ ಹೆಚ್ಚು ತಿಳಿದಿರಬಹುದು, ಅವನು ನಮ್ಮ ಊಹೆಯನ್ನು ತೆಗೆದು ಕಲ್ಲನ್ನೇ ಮತ್ತೊಮ್ಮೆ ಓದುವಂತಿರಲಿ.