ಇಂದಿನ ಧಮ್ಮ ಚಿಂತನೆ: ದೊಡ್ಡವ್ವನ ಪ್ರಶ್ನೆ





ಕಳೆದ ಭಾನುವಾರ ಸಾಸ್ವೆಹಳ್ಳಿಯಿಂದ ನಾವು ಹದಿನಾಲ್ಕು ಜನ ಟೆಂಪೋ ಮಾಡಿಕೊಂಡು ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೆ ಹೋಗಿದ್ದೆವು. ಬೆಳಿಗ್ಗೆ ಗುಡ್ಡ ಹತ್ತುವುದು, ಮಧ್ಯಾಹ್ನ ಬುತ್ತಿ ಊಟ, ಆಮೇಲೆ ತೆಪ್ಪದಲ್ಲಿ ಒಂದು ಸುತ್ತು.

ಗುಡ್ಡದ ಮೇಲಿಂದ ನೋಡಿದರೆ ಕೆರೆ ಕಟ್ಟಿದವರ ಜಾಣ್ಮೆ ಕಾಣುತ್ತದೆ. ಎರಡು ಗುಡ್ಡಗಳ ನಡುವಿನ ಕಣಿವೆಗೆ ಏರಿ ಹಾಕಿ ಹರಿದ್ರಾ ಹಳ್ಳವನ್ನು ನಿಲ್ಲಿಸಿದ್ದಾರೆ. 6,500 ಎಕರೆಗೂ ಮಿಕ್ಕಿ ಹರಡಿದ ನೀರು. "ಸಾರ್, ಈ ಮಣ್ಣು ಹೊತ್ತವರಲ್ಲಿ ನಮ್ಮ ಹಿರಿಯರೂ ಇದ್ರಾ?" ಎಂದು ಹುಡುಗನೊಬ್ಬ ಕೇಳಿದ. "ಇರದೇ ಇರ್ತಾರೇನಪ್ಪ" ಎಂದೆ.

ಮಧ್ಯಾಹ್ನ ತೆಪ್ಪ ಹೊರಟಿತು. ಪಕ್ಕದಲ್ಲಿ ಕೂತಿದ್ದ ನನ್ನ ದೊಡ್ಡವ್ವ, ಎಪ್ಪತ್ತು ದಾಟಿದವಳು, ಹುಟ್ಟು ಹಾಕುತ್ತಿದ್ದ ಹುಡುಗನನ್ನು ಮೆಲ್ಲಗೆ ಕೇಳಿದಳು: "ಯಪ್ಪಾ, ನೀರಾಗೆ ಕೈ ಇಡಬೌದಾ?"

ಅವನು ನಕ್ಕ. "ಇಡಜ್ಜಿ, ಮೊಸಳೆ ಇಲ್ಲ."

ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ನನಗೆ ಆಯಿತು.

ದೊಡ್ಡವ್ವ ನಮ್ಮ ಜೊತೆಯಲ್ಲೇ ದೀಕ್ಷೆ ತೆಗೆದುಕೊಂಡವಳು. ಇಪ್ಪತ್ತೆರಡು ಪ್ರತಿಜ್ಞೆಗಳನ್ನು ತಪ್ಪಿಲ್ಲದೆ ಹೇಳುತ್ತಾಳೆ. ಆದರೆ ಚಿಕ್ಕಂದಿನಲ್ಲಿ ಬಾವಿಯಿಂದ ದೂರ ಕೊಡ ಇಟ್ಟು, ಯಾರಾದರೂ ಸೇದಿ ಹೊಯ್ಯಲಿ ಎಂದು ಕಾದ ಆ ಕೈ ಇನ್ನೂ ಅಪ್ಪಣೆ ಕೇಳುತ್ತದೆ.

"ಇದಕ್ಕೂ ಕೇಳಬೇಕೇ?" ಎಂದು ಪಾಠ ಹೇಳುವವನಿದ್ದೆ. ಅಷ್ಟರಲ್ಲಿ ನನ್ನ ತೊಡೆಯ ಮೇಲಿದ್ದ ನೀರಿನ ಬಾಟಲಿ ಕಂಡಿತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮನೆಯಲ್ಲಿ ನನಗೆಂದೇ ಬೇರೆ ಲೋಟ ಇಟ್ಟಿದ್ದರು. ಅಂದಿನಿಂದ ಎಲ್ಲಿಗೆ ಹೋದರೂ ನನ್ನ ನೀರು ನಾನೇ ಒಯ್ಯುತ್ತೇನೆ. ಕೇಳಿದವರಿಗೆ "ಆರೋಗ್ಯಕ್ಕೆ" ಎನ್ನುತ್ತೇನೆ. ದೊಡ್ಡವ್ವ ಕೇಳುವ ಧೈರ್ಯವನ್ನಾದರೂ ಮಾಡಿದಳು. ನಾನು ಕೇಳುವ ಪ್ರಸಂಗವೇ ಬಾರದಂತೆ ನೋಡಿಕೊಂಡಿದ್ದೇನೆ.

ಮಹಾಡ್ ನೆನಪಾಯಿತು. ಅಲ್ಲಿನ ಪುರಸಭೆ 1924ರಲ್ಲೇ ಚವದಾರ್ ಕೆರೆಯನ್ನು ಎಲ್ಲರಿಗೂ ತೆರೆದಿತ್ತು. ಆದರೆ ಅದು ಕಾಗದದಲ್ಲಿ ಮಾತ್ರ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದು ಹೋಗಿ ಬೊಗಸೆ ನೀರು ಕುಡಿದರು. ಆಗ ಹಲ್ಲೆಗಳಾದವು, ಕೆರೆಗೆ 'ಶುದ್ಧಿ'ಯನ್ನೂ ಮಾಡಿದರು. ಹಕ್ಕು ಕಾಗದದಲ್ಲಿ ಬರುವುದು ಬೇರೆ, ಕೈಗೆ ಇಳಿಯುವುದು ಬೇರೆ.

ಮಜ್ಝಿಮ ನಿಕಾಯದ ಅಲಗದ್ದೂಪಮ ಸುತ್ತದಲ್ಲಿ ಭಗವಾನರು ತೆಪ್ಪದ ಹೋಲಿಕೆ ಕೊಡುತ್ತಾರೆ. ಒಬ್ಬ ಹುಲ್ಲು, ಕಟ್ಟಿಗೆ, ಕೊಂಬೆ, ಎಲೆ ಕೂಡಿಸಿ ತೆಪ್ಪ ಕಟ್ಟುತ್ತಾನೆ. ಕೈಕಾಲು ಬಡಿದು ಆಚೆ ದಡ ಸೇರುತ್ತಾನೆ. ಉಪಕಾರಿ ತೆಪ್ಪ ಎಂದು ಅದನ್ನು ತಲೆಯ ಮೇಲೆ ಹೊತ್ತು ನಡೆಯಬೇಕೇ? ಬೇಡ. ಧಮ್ಮ ದಾಟಲಿಕ್ಕೆ ಇರುವುದು, ಹೊತ್ತು ತಿರುಗಲಿಕ್ಕಲ್ಲ. ಧಮ್ಮವನ್ನೇ ಬಿಡಬೇಕೆಂದ ಮೇಲೆ ಅಧಮ್ಮವನ್ನು ಬಿಡಬೇಕೆಂದು ಬೇರೆ ಹೇಳಬೇಕೇ ಎನ್ನುತ್ತಾರೆ ಅವರು.

ಅಸ್ಪೃಶ್ಯತೆ ಅಧಮ್ಮ. ಅದು ನಮ್ಮೊಳಗೆ ಇಟ್ಟುಹೋದ ಅಂಜಿಕೆಯೂ ಅಧಮ್ಮದ್ದೇ. ದೀಕ್ಷೆ ಎಂಬ ತೆಪ್ಪ ಹತ್ತಿದ ಮೇಲೂ ಆ ಗಂಟನ್ನು ಮಡಿಲಲ್ಲಿ ಇಟ್ಟುಕೊಂಡೇ ಕೂತಿದ್ದೇನೆ.

ಹಾಗೆಂದು ಅನ್ಯಾಯವನ್ನು ಮರೆಯಬೇಕೆಂದಲ್ಲ. ಬೇರೆ ಲೋಟ ಎದುರಾದರೆ ಅಲ್ಲೇ ಕೇಳಬೇಕು. ಸಂವಿಧಾನದ 17ನೇ ವಿಧಿ ನಮ್ಮ ಬೆನ್ನಿಗಿದೆ. ಆದರೆ ಲೋಟ ಇಡುವ ಮೊದಲೇ ನಾನೇ ದೂರ ಸರಿದು ಕೂತರೆ, ಅವರ ಕೆಲಸವನ್ನು ನಾನೇ ಮಾಡಿಕೊಟ್ಟಂತಲ್ಲವೇ?

ದೊಡ್ಡವ್ವ ಬೊಗಸೆಯಲ್ಲಿ ನೀರೆತ್ತಿ ಮುಖ ತೊಳೆದುಕೊಂಡಳು. "ತಣ್ಣಗೈತೆ ಕಣೋ" ಎಂದಳು. ನಾನೂ ಕೈ ಇಟ್ಟೆ.

ಈ ವಾರ ಬಾಟಲಿ ಇಲ್ಲದೆ ಹೊರಡುತ್ತೇನೆ. ಬಾಯಾರಿದರೆ ನೀರು ಕೇಳುತ್ತೇನೆ. ನಿಮ್ಮ ಮಡಿಲಲ್ಲಿ ಯಾವ ಗಂಟಿದೆ, ಇವತ್ತು ಐದು ನಿಮಿಷ ಕಣ್ಣು ಮುಚ್ಚಿ ಕೂತು ನೋಡಿಕೊಳ್ಳಿ.

ಭವತು ಸಬ್ಬ ಮಂಗಲಂ. ಜೈ ಭೀಮ್.