ಬೂದು ಚುಕ್ಕೆಯ ಹಿಂದಿನ ಹೆಸರು

ನಮ್ಮ ಮನೆಯ ಸ್ಟೀಲ್ ಪಾತ್ರೆಗಳ ಮೇಲೆಲ್ಲ ಹೆಸರುಗಳಿವೆ. ಮದುವೆಯಲ್ಲಿ ಆಹೇರಿ ಕೊಟ್ಟ ಸೋದರಮಾವನ ಹೆಸರು, ಗೃಹಪ್ರವೇಶಕ್ಕೆ ಬಂದ ನೆರೆಮನೆಯವರ ಹೆಸರು, ಜೊತೆಗೆ ತಾರೀಖು. ಮೂವತ್ತು ವರ್ಷ ತಿಕ್ಕಿ ತೊಳೆದರೂ ಆ ಅಕ್ಷರಗಳು ಮಾಸಿಲ್ಲ. ಅದೇ ಪಾತ್ರೆಗಳಲ್ಲಿ ಮೂವತ್ತು ವರ್ಷ ಮಾಡಿದ ಅಡಿಗೆಗೆ ಮಾತ್ರ ಹೆಸರಿಲ್ಲ. ದೂರಿಗಾಗಿ ಈ ಮಾತು ಹೇಳುತ್ತಿಲ್ಲ. ಉಂಡವರು ತೃಪ್ತಿಯಿಂದ ಎದ್ದರೆ ಸಾಕು ಎಂದು ಕಲಿತುಕೊಂಡೇ ನಾವೆಲ್ಲ ಬೆಳೆದವರು. ಹೆಸರಿಗಾಗಿ ದುಡಿಯಬಾರದು ಎಂದು ತರಗತಿಯಲ್ಲಿ ಎಷ್ಟೋ ಸಲ ನಾನೇ ಹೇಳಿದ್ದೇನೆ. ಆ ಪಾಠದ ಬಗ್ಗೆ ನನ್ನಲ್ಲಿ ಅನುಮಾನ ಹುಟ್ಟಿಸಿದ್ದು ಒಂದು ಹಳೆಯ ವಿಡಿಯೋ ಗೇಮ್ ಎಂದರೆ ನೀವು ನಗಬಹುದು.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಮಗ ದೀಪಾವಳಿಗೆ ಊರಿಗೆ ಬಂದಿದ್ದ. ಒಂದು ಮಧ್ಯಾಹ್ನ ಲ್ಯಾಪ್‌ಟಾಪ್ ಬಿಚ್ಚಿಕೊಂಡು, "ಅವ್ವಾ, ಇಲ್ಲಿ ಬಾ. ನಾ ಹುಟ್ಟೋದಕ್ಕಿಂತ ಮೊದಲಿನ ಆಟ ಐತಿ, ನೋಡು" ಎಂದು ಕರೆದ. ಪರದೆಯ ಮೇಲೆ ಒಂದು ಪುಟ್ಟ ಚೌಕ. ಆ ಚೌಕವೇ ಕಥಾನಾಯಕನಂತೆ! ಬಾತುಕೋಳಿಯ ಹಾಗೆ ಕಾಣುವ ಮೂರು ಪ್ರಾಣಿಗಳು ಬೆನ್ನಟ್ಟಿ ಬರುತ್ತವೆ. ಅವು ಬೆಂಕಿಯುಗುಳುವ ಜಾತಿಯ ಡ್ರ್ಯಾಗನ್‌ಗಳು ಎಂದು ನಾವು ನಂಬಬೇಕು. ಮೂರು ಕೋಟೆಗಳು, ಅವುಗಳ ಬೀಗದ ಕೈಗಳು, ಒಂದು ಕತ್ತಿ, ಕೈಯಲ್ಲಿದ್ದುದನ್ನು ಕಸಿದುಕೊಂಡು ಹಾರುವ ಒಂದು ಬಾವಲಿ. ಕಳೆದುಹೋದ ಬಟ್ಟಲನ್ನು ಹುಡುಕಿ ಬಂಗಾರದ ಕೋಟೆಗೆ ತಂದು ಮುಟ್ಟಿಸಿದರೆ ಗೆದ್ದಂತೆ. ಮಕ್ಕಳ ಕಥೆಯೇ ಎಂದು ಎದ್ದು ಹೊರಟವಳನ್ನು ಅವನು ತಡೆದು ಕೂರಿಸಿ, ಆಟದ ಹಿಂದಿನ ಕಥೆಯನ್ನು ಹೇಳಿದ.

ಅಮೆರಿಕದ ಅಟಾರಿ ಕಂಪನಿ 1977ರಲ್ಲಿ ಮನೆಯ ಟಿ.ವಿ.ಗೆ ಜೋಡಿಸಿ ಆಡುವ ಯಂತ್ರವೊಂದನ್ನು ಹೊರತಂದಿತು. ಕಾರ್ಟ್ರಿಜ್ ಎಂಬ ಚಿಕ್ಕ ಪೆಟ್ಟಿಗೆಯನ್ನು ಅದರೊಳಗೆ ಸಿಕ್ಕಿಸಿದರೆ ಒಂದು ಆಟ. ಅದನ್ನು ತೆಗೆದು ಇನ್ನೊಂದನ್ನು ಸಿಕ್ಕಿಸಿದರೆ ಇನ್ನೊಂದು. ನಾನು ನೋಡಿದ 'ಅಡ್ವೆಂಚರ್' ಎಂಬ ಆಟ ಇದ್ದ ಕಾರ್ಟ್ರಿಜ್‌ನಲ್ಲಿ ಇದ್ದ ಜಾಗವೆಲ್ಲ ಸೇರಿ 4096 ಬೈಟ್‌ಗಳು. ಎಂದರೆ ಇಂಗ್ಲಿಷಿನ ನಾಲ್ಕು ಸಾವಿರ ಚಿಲ್ಲರೆ ಅಕ್ಷರ ಹಿಡಿಸುವಷ್ಟು, ನೋಟುಪುಸ್ತಕದ ಎರಡು ಮೂರು ಪುಟ. ಅಷ್ಟರಲ್ಲೇ ಕೋಟೆ, ಬಾವಲಿ, ಡ್ರ್ಯಾಗನ್ ಎಲ್ಲವನ್ನೂ ಒಬ್ಬನೇ ಕೂತು ಹೊಂದಿಸಿದ. ಆ ಕಾಲದಲ್ಲಿ ಒಂದು ಆಟವನ್ನು ಯೋಚಿಸುವುದು, ಚಿತ್ರ ಬಿಡಿಸುವುದು, ಸದ್ದು ಕೂಡಿಸುವುದು, ಪ್ರೋಗ್ರಾಂ ಬರೆಯುವುದು ಹೆಚ್ಚಾಗಿ ಒಬ್ಬರದೇ ಕೆಲಸವಾಗಿತ್ತು. ಈತನ ಹೆಸರು ವಾರನ್ ರಾಬಿನೆಟ್. ಆಟ 1980ರಲ್ಲಿ ಅಂಗಡಿಗೆ ಬಂದು ಹತ್ತು ಲಕ್ಷದಷ್ಟು ಮಾರಾಟವಾಯಿತು. ಅವನಿಗೆ ಸಿಕ್ಕದ್ದು ಸಂಬಳ ಮಾತ್ರ, ವರ್ಷಕ್ಕೆ ಸುಮಾರು 22,000 ಡಾಲರ್. ಪೆಟ್ಟಿಗೆಯ ಮೇಲೆ ಕಂಪನಿಯ ಹೆಸರಿತ್ತು, ಅವನದಿರಲಿಲ್ಲ. ಅದು ಕಂಪನಿಯ ನಿಯಮ.

ರಾಬಿನೆಟ್ ಜಗಳವಾಡಲಿಲ್ಲ. ಕಪ್ಪು ಕೋಟೆಯ ಒಳಗಿನ ಸುತ್ತುದಾರಿಯಲ್ಲಿ, ಬಾಗಿಲೇ ಇಲ್ಲದ ಒಂದು ಕೋಣೆಯಲ್ಲಿ, ನೆಲದ ಬಣ್ಣದ್ದೇ ಆದ ಒಂದು ಬೂದು ಚುಕ್ಕೆಯನ್ನು ಇಟ್ಟ. ಕಣ್ಣಿಗೆ ಕಾಣದ ಆ ಚುಕ್ಕೆಯನ್ನು ಎತ್ತಿಕೊಂಡು ಇನ್ನೊಂದು ಕಡೆಯ ಗೋಡೆಯ ಬಳಿಗೆ ಒಯ್ಯಬೇಕು. ಅಲ್ಲಿ ಬೇರೆ ಒಂದೆರಡು ವಸ್ತುಗಳೂ ಇದ್ದರೆ ಗೋಡೆ ಮಿಣುಕತೊಡಗುತ್ತದೆ. ಅದನ್ನು ದಾಟಿ ಒಳಗೆ ಹೋದರೆ ಒಂದು ಗುಪ್ತ ಕೋಣೆ. ಅದರ ನಡುವೆ ಬಣ್ಣ ಬದಲಿಸುತ್ತ ಹೊಳೆಯುವ ಅಕ್ಷರಗಳು: ಇದನ್ನು ಸೃಷ್ಟಿಸಿದವನು ವಾರನ್ ರಾಬಿನೆಟ್. ಈ ಗುಟ್ಟನ್ನು ಅವನು ಜೊತೆಯವರಿಗೂ ಹೇಳಲಿಲ್ಲ. ಹೇಳಿದ್ದರೆ ಅಚ್ಚಿಗೆ ಹೋಗುವ ಮೊದಲೇ ಅಳಿಸಿಬಿಡುತ್ತಿದ್ದರು. ಕೆಲಸ ಬಿಟ್ಟು ಸುಮ್ಮನೆ ಹೊರಟುಹೋದ. 1980ರಲ್ಲಿ ಸಾಲ್ಟ್ ಲೇಕ್ ಸಿಟಿಯ ಹದಿನೈದು ವರ್ಷದ ಹುಡುಗನೊಬ್ಬ ಅದನ್ನು ಕಂಡುಹಿಡಿದು ಕಂಪನಿಗೆ ಪತ್ರ ಬರೆದ. ಅಳಿಸಿ ಹೊಸ ಚಿಪ್ ಮಾಡಿಸಲು ಸುಮಾರು ಹತ್ತು ಸಾವಿರ ಡಾಲರ್ ಬೇಕು. ಅಷ್ಟರಲ್ಲಿ ಅಲ್ಲಿನ ಅಧಿಕಾರಿಯೊಬ್ಬ, ಸ್ಟೀವ್ ರೈಟ್, ಇರಲಿ ಬಿಡಿ, ಈಸ್ಟರ್ ಹಬ್ಬದಲ್ಲಿ ಮಕ್ಕಳು ಬಚ್ಚಿಟ್ಟ ಮೊಟ್ಟೆ ಹುಡುಕುವ ಹಾಗೆ ಇದೂ ಒಂದು ಸಂತೋಷ ಎಂದನಂತೆ. ಅಂಥ ಗುಟ್ಟುಗಳಿಗೆ 'ಈಸ್ಟರ್ ಎಗ್' ಎಂಬ ಹೆಸರು ನಿಂತಿತು.

ಹೀಗೆ ಬಚ್ಚಿಟ್ಟವರಲ್ಲಿ ಇವನೇ ಮೊದಲನೆಯವನೂ ಅಲ್ಲ. ಅದೇ ಅಟಾರಿಯ ರಾನ್ ಮಿಲ್ನರ್ 1977ರ 'ಸ್ಟಾರ್‌ಶಿಪ್ 1' ಎಂಬ ಆಟದಲ್ಲಿ ತನ್ನ ಹೆಸರು ಹಿಡಿದು ಕರೆಯುವ ಒಂದು ಚಿಕ್ಕ ನಮಸ್ಕಾರವನ್ನು ಅಡಗಿಸಿಟ್ಟಿದ್ದ. ಅದು ಲೋಕಕ್ಕೆ ತಿಳಿದದ್ದು 2017ರಲ್ಲಿ. ನಲವತ್ತು ವರ್ಷ ಒಂದು ಹೆಸರು ಯಂತ್ರದೊಳಗೆ ಕಾದು ಕೂತಿತ್ತು!

ಇನ್ನೊಂದು ಸಂಗತಿ ನನ್ನ ಮನಸ್ಸಿಗೆ ಚುಚ್ಚಿತು. ನಾಣ್ಯ ಹಾಕಿ ಆಡುವ ಆರ್ಕೇಡ್ ಯಂತ್ರಗಳಲ್ಲಿ, 1979ರ 'ಆಸ್ಟರಾಯ್ಡ್ಸ್' ಆಟದಲ್ಲಿ, ಹೆಚ್ಚು ಅಂಕ ಗಳಿಸಿದವರು ತಮ್ಮ ಹೆಸರಿನ ಮೂರು ಅಕ್ಷರ ಬರೆದಿಡಬಹುದಿತ್ತು. ಯಂತ್ರ ಆರಿಸಿದರೆ ಅವೂ ಅಳಿದುಹೋಗುತ್ತಿದ್ದವು, ನಿಜ. ಆದರೂ ನಾಣ್ಯ ಹಾಕಿದವರಿಗೆ ಹೆಸರಿತ್ತು, ಆಟ ಕಟ್ಟಿದವರಿಗಿರಲಿಲ್ಲ. ನನ್ನ ಪಾತ್ರೆಗಳ ಕಥೆಯೂ ಇದೇ ಅಲ್ಲವೇ?

ಎಲ್ಲರೂ ರಾಬಿನೆಟ್‌ನಂತೆ ಸುಮ್ಮನಿರಲಿಲ್ಲ. 1979ರಲ್ಲಿ ಡೇವಿಡ್ ಕ್ರೇನ್, ಲ್ಯಾರಿ ಕ್ಯಾಪ್ಲನ್, ಅಲನ್ ಮಿಲ್ಲರ್, ಬಾಬ್ ವೈಟ್‌ಹೆಡ್ ಎಂಬ ನಾಲ್ವರು ಕಂಪನಿಯ ಮುಖ್ಯಸ್ಥ ರೇ ಕಸಾರ್ ಮುಂದೆ ನಿಂತರು. ಕಂಪನಿಯ ಕಾರ್ಟ್ರಿಜ್ ವ್ಯಾಪಾರದ ಅರ್ಧಕ್ಕಿಂತ ಹೆಚ್ಚು ತಮ್ಮ ಆಟಗಳಿಂದಲೇ ಬರುತ್ತದೆ ಎಂಬುದು ಅವರ ಲೆಕ್ಕ. ಹೆಸರನ್ನೂ ಲಾಭದಲ್ಲಿ ಪಾಲನ್ನೂ ಕೇಳಿದರು. ಕಸಾರ್ ಜವಳಿ ಉದ್ಯಮದಿಂದ ಬಂದವನು. ಕಾರ್ಖಾನೆಯ ಸಾಲಿನಲ್ಲಿ ನಿಂತು ಕಾರ್ಟ್ರಿಜ್ ಜೋಡಿಸುವ ಕೆಲಸಗಾರರಿಗಿಂತ ನೀವೇನೂ ಹೆಚ್ಚಲ್ಲ ಎಂಬ ಅರ್ಥದ ಉತ್ತರ ಸಿಕ್ಕಿತು ಎಂದು ಅವರು ಮುಂದೆ ನೆನಪಿಸಿಕೊಂಡಿದ್ದಾರೆ. ನಾಲ್ವರೂ ಹೊರಬಂದು ಆ ವರ್ಷವೇ ಜಿಮ್ ಲೆವಿ ಎಂಬವರೊಡನೆ 'ಆಕ್ಟಿವಿಷನ್' ಕಂಪನಿ ಕಟ್ಟಿದರು. ಅಟಾರಿ ಕೋರ್ಟಿಗೆ ಹೋಯಿತು, 1982ರಲ್ಲಿ ರಾಜಿಯಾಯಿತು. ಹೊಸ ಕಂಪನಿಯ ಆಟದ ಜೊತೆಗಿನ ಪುಸ್ತಿಕೆಯಲ್ಲಿ ಆಟ ಮಾಡಿದವರ ಹೆಸರು, ಫೋಟೋ, ಆಡುವವರಿಗೆ ಅವರೇ ಬರೆದ ನಾಲ್ಕು ಮಾತು ಇರುತ್ತಿದ್ದವು.

ಅಂಥ ಒಂದು ಪುಸ್ತಿಕೆಯಲ್ಲಿ ಕ್ಯಾರಲ್ ಶಾ ಎಂಬ ಹೆಣ್ಣುಮಗಳ ಹೆಸರಿದೆ. ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಓದಿ 1978ರಲ್ಲಿ ಅಟಾರಿ ಸೇರಿದ ಆಕೆಯನ್ನು ಕಂಡು ಅದೇ ಮುಖ್ಯಸ್ಥ, ಅಂತೂ ಒಬ್ಬ ಹೆಂಗಸು ಸಿಕ್ಕಳು, ಇನ್ನು ಅಲಂಕಾರ, ಗೃಹಶೃಂಗಾರದ ಆಟಗಳನ್ನು ಮಾಡಿಸಬಹುದು ಎಂದಿದ್ದನಂತೆ. ಆಕೆ ಮಾಡಿದ್ದು ಬೇರೆಯೇ. 1982ರಲ್ಲಿ ಆಕ್ಟಿವಿಷನ್‌ಗಾಗಿ ಬರೆದ 'ರಿವರ್ ರೇಡ್' ಎಂಬ ಆಟದಲ್ಲಿ ವಿಮಾನವೊಂದು ನದಿಯ ಮೇಲೆ ಹಾರುತ್ತ, ಇಂಧನ ಮುಗಿಯುವ ಮೊದಲೇ ತುಂಬಿಸಿಕೊಳ್ಳುತ್ತ ಸಾಗಬೇಕು. ಆ ಕಾಲದ ಒಳ್ಳೆಯ ಆಟಗಳಲ್ಲಿ ಅದನ್ನು ಇಂದಿಗೂ ಎಣಿಸುತ್ತಾರೆ. ಹೆಸರು ಅಚ್ಚಾಗಿರದಿದ್ದರೆ ಇದನ್ನು ಯಾವನೋ ಒಬ್ಬ ಗಂಡಸು ಮಾಡಿರಬೇಕು ಎಂದೇ ನಾನೂ ನೀವೂ ಅಂದುಕೊಳ್ಳುತ್ತಿದ್ದೆವು. ಹೆಸರಿಲ್ಲದ ಕೆಲಸವನ್ನು ಜನ ತಮಗೆ ತೋಚಿದವರ ಲೆಕ್ಕಕ್ಕೆ ಬರೆಯುತ್ತಾರೆ.

ಈಗ ನನ್ನ ಪಾಠದ ಮಾತು. ಹೆಸರು ಬಯಸುವುದು ಅಹಂಕಾರವೇ? ಫಲದ ಆಸೆ ಬಿಟ್ಟು ಕರ್ಮ ಮಾಡು ಎಂಬ ಗೀತೆಯ ಉಪದೇಶ ನಮ್ಮ ಮನೆಗಳಲ್ಲಿ ಉಪ್ಪಿನಷ್ಟೇ ಸಾಮಾನ್ಯ. ಅದು ದೊಡ್ಡ ಮಾತು, ನನಗೆ ಸಂದೇಹವಿಲ್ಲ. ಆದರೆ ಅದು ಯಾರಿಗೆ ಹೇಳಿದ ಮಾತು? ದುಡಿಯುವವನಿಗೆ ಹೇಳಿದ್ದು. ದುಡಿಸಿಕೊಳ್ಳುವವನು ಅದನ್ನು ಬಾಯಿಪಾಠ ಮಾಡಿಕೊಂಡು ದುಡಿದವನಿಗೇ ಒಪ್ಪಿಸಬಾರದು. ನಾನು ಹೆಸರು ಬೇಡವೆಂದರೆ ಅದು ತ್ಯಾಗ. ನಿನಗೆ ಹೆಸರೇಕೆ ಎಂದು ಇನ್ನೊಬ್ಬರು ಹೇಳಿದರೆ ಅದು ತ್ಯಾಗವಲ್ಲ, ಕಸಿದುಕೊಳ್ಳುವುದು.

ಹೆಸರೆಂದರೆ ಬರೀ ಹಾರತುರಾಯಿಯೂ ಅಲ್ಲ. ಅಟಾರಿಯಲ್ಲೇ ಇದ್ದ ಹೋವರ್ಡ್ ಸ್ಕಾಟ್ ವಾರ್ಷಾ 1982ರಲ್ಲಿ 'ಇ.ಟಿ.' ಸಿನಿಮಾವನ್ನು ಆಟವಾಗಿಸಬೇಕಾಯಿತು. ಕೊಟ್ಟ ಕಾಲ ಸುಮಾರು ಐದು ವಾರ. ಆಟ ಸೋತಿತು. ಮಾರದೆ ಉಳಿದ ಕಾರ್ಟ್ರಿಜ್‌ಗಳು 1983ರಲ್ಲಿ ನ್ಯೂ ಮೆಕ್ಸಿಕೋದ ಅಲಮೊಗೊರ್ಡೊ ಊರಿನ ಕಸದ ಗುಂಡಿ ಸೇರಿದವು, 2014ರಲ್ಲಿ ಜನ ಅವನ್ನು ಅಗೆದೂ ನೋಡಿದರು. ಅವಸರ ಮಾಡಿಸಿದವರು ಯಾರೆಂದು ಹೆಚ್ಚಿನವರು ಕೇಳಲಿಲ್ಲ. ಕೆಟ್ಟ ಆಟ ಮಾಡಿದವನೆಂದು ವಾರ್ಷಾನ ಹೆಸರನ್ನು ವರ್ಷಗಟ್ಟಲೆ ಆಡಿಕೊಂಡರು. ಅವನು ಅದನ್ನು ಅಲ್ಲಗಳೆಯಲಿಲ್ಲ. ಹೆಸರೆಂದರೆ ಇದು ನನ್ನ ಕೈಯ ಕೆಲಸ, ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ನಾನಿದ್ದೇನೆ ಎಂಬ ಒಪ್ಪಿಗೆ. ಅದನ್ನು ಅಹಂಕಾರವೆನ್ನಲು ನನಗೆ ಮನಸ್ಸಾಗುವುದಿಲ್ಲ.

ಆದರೆ ಕಸಾರ್ ಆಡಿದನೆನ್ನುವ ಮಾತು ನನ್ನನ್ನು ಬಿಡಲಿಲ್ಲ. ಸಾಲಿನಲ್ಲಿ ನಿಂತು ಕಾರ್ಟ್ರಿಜ್ ಜೋಡಿಸಿದವರಿಲ್ಲದೆ ಆಟ ಯಾರ ಮನೆಗೂ ಹೋಗುತ್ತಿರಲಿಲ್ಲ. ಆ ಅರ್ಧ ಸತ್ಯ ಅವನ ಮಾತಿನಲ್ಲಿತ್ತು. ಅವನ ತಪ್ಪು ಇಬ್ಬರೂ ಸಮಾನರು ಎಂದದ್ದಲ್ಲ. ಆ ಸಮಾನತೆಯ ನೆಪ ಹೇಳಿ ಇಬ್ಬರಿಗೂ ಹೆಸರು ಕೊಡದೆ ಹೋದದ್ದು. ಹೊರಬಂದ ನಾಲ್ವರ ಪುಸ್ತಿಕೆಗಳಲ್ಲೂ ಕಾರ್ಖಾನೆಯ ಕೈಗಳ ಹೆಸರು ಬರಲಿಲ್ಲ. ತನ್ನ ಹೆಸರಿಗಾಗಿ ನೊಂದವರು ಪಕ್ಕದವರ ಹೆಸರನ್ನು ಮರೆಯುವುದು ಎಷ್ಟು ಸುಲಭ!

ಇಷ್ಟು ಯೋಚಿಸುವಾಗ ನಮ್ಮ ಶಾಲೆಯ ವಾರ್ಷಿಕ ಸ್ನೇಹ ಸಮ್ಮೇಳನ ನೆನಪಾಯಿತು. ಆ ವರ್ಷದ ನಾಟಕ ನಾನು ಬರೆದದ್ದು. ಕರೆಯೋಲೆಯಲ್ಲಿ 'ಶಾಲಾ ಮಕ್ಕಳಿಂದ ನಾಟಕ' ಎಂದಷ್ಟೇ ಇತ್ತು. ನನಗೆ ಒಳಗೊಳಗೇ ಕಸಿವಿಸಿ. ಇರಲಿ ಬಿಡು ಎಂದು ದೊಡ್ಡತನ ತೋರಿಸಿದ್ದೆ. ಅಂದು ವಂದನಾರ್ಪಣೆ ನನ್ನದೇ. ಅತಿಥಿಗಳನ್ನು, ದಾನಿಗಳನ್ನು, ಪೆಂಡಾಲಿನವರನ್ನು, ಮೈಕ್ ಸೆಟ್ಟಿನವರನ್ನು ಹೆಸರು ಹೇಳಿ ವಂದಿಸಿದೆ. ಹದಿನೈದು ದಿನ ರಾತ್ರಿ ಕೂತು ಮೂವತ್ತು ಮಕ್ಕಳ ವೇಷದ ಬಟ್ಟೆ ಹೊಲಿದ ನಮ್ಮ ಶಾಲೆಯ ಆಯಾಳನ್ನು ಮರೆತೆ. ಮರೆತೆ ಎನ್ನುವುದೂ ಪೂರ್ತಿ ನಿಜವಲ್ಲ. ಆಕೆಯ ಹೆಸರು ಆ ಪಟ್ಟಿಗೆ ಸೇರುವಂಥದ್ದು ಎಂದು ನನಗೆ ಹೊಳೆಯಲೇ ಇಲ್ಲ. ಬಟ್ಟೆಗಳು ಹುಬ್ಬಳ್ಳಿಯಿಂದ ಬಾಡಿಗೆಗೆ ಬಂದವೆಂದು ಎಷ್ಟೋ ಮಕ್ಕಳು ತಿಳಿದಿದ್ದರು. ಮರುದಿನ ತಪ್ಪಾಯಿತೆಂದೆ. "ನಂದೇನೈತಿ ಬಿಡ್ರಿ ಅಕ್ಕಾರ" ಎಂದು ಆಕೆ ಕಸಬರಿಗೆ ಎತ್ತಿಕೊಂಡು ಹೋದಳು. ಆ ಮಾತಿನಿಂದ ನನಗೆ ಸಮಾಧಾನವಾಗಿತ್ತು. ಈಗ ನಾಚಿಕೆಯಾಗುತ್ತದೆ, ಏಕೆಂದರೆ ಕರೆಯೋಲೆ ನೋಡಿದ ದಿನ ನಾನೂ ಅದೇ ಮಾತನ್ನು, ಅದೇ ನಗುವಿನೊಂದಿಗೆ, ಹೆಡ್‌ಮಾಸ್ತರರಿಗೆ ಹೇಳಿದ್ದೆ. ನನ್ನ ನಗುವಿನ ಹಿಂದೆ ಏನಿತ್ತೆಂದು ನನಗೆ ಗೊತ್ತು.

ದೀಪಾವಳಿ ಮುಗಿಸಿ ಹೊರಟ ಮಗನನ್ನು, "ನೀ ಮಾಡೋ ಪ್ರೋಗ್ರಾಮಿನಾಗ ನಿನ್ನ ಹೆಸರು ಎಲ್ಲೈತೋ?" ಎಂದು ಕೇಳಿದೆ. "ಎಲ್ಲೂ ಇಲ್ಲವಾ, ನಾವು ನೂರು ಮಂದಿ ಅದೀವಿ" ಎಂದು ನಕ್ಕ. ನೂರು ಹೆಸರಿಗೆ ಜಾಗವಿಲ್ಲವೇ ಎಂದು ನಾನು ಕೇಳಲಿಲ್ಲ. 4096 ಬೈಟ್‌ಗಳ ಇಕ್ಕಟ್ಟಿನಲ್ಲೂ ಒಬ್ಬ ತನ್ನ ಹೆಸರಿಗೆ ಜಾಗ ಮಾಡಿಕೊಂಡಿದ್ದ ಎಂದಷ್ಟೇ ನೆನೆದೆ.

ಮುಂದಿನ ಸ್ನೇಹ ಸಮ್ಮೇಳನದಲ್ಲಿ ವಂದನಾರ್ಪಣೆಯನ್ನು ಕೇಳಿ ಪಡೆದುಕೊಂಡೆ. ಆಯಾಳ ಹೆಸರನ್ನು, ಆಕೆ ಏನು ಹೊಲಿದಳೆಂಬುದನ್ನು ಹೇಳಿದೆ. ಆಕೆ ಆಗ ಹಿಂದುಗಡೆ ಚಹಾ ಸೋಸುತ್ತಿದ್ದಳು, ಕೇಳಿಸಿಕೊಳ್ಳಲೇ ಇಲ್ಲ. ಕೇಳಿಸಿಕೊಂಡದ್ದು ಆ ಬಟ್ಟೆ ತೊಟ್ಟ ಮಕ್ಕಳು. ತಾವು ತೊಟ್ಟದ್ದು ಯಾರ ಕೈಯ ಕೆಲಸವೆಂದು ಅವರಿಗೂ ತಿಳಿಯಬೇಕಿತ್ತು.

ಈ ಬರಹದಲ್ಲಿ ನಿನ್ನ ಹೆಸರು ಬರೆಯಲೇ ಎಂದು ಆಕೆಯನ್ನು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಪುಸ್ತಕದಾಗ ಬ್ಯಾಡ್ರಿ ಅಕ್ಕಾರ, ಸಾಲ್ಯಾಗ ಹೇಳಿದ್ರಲ್ಲ, ಸಾಕು" ಎಂದಳು. ಆದ್ದರಿಂದ ಬರೆದಿಲ್ಲ. ಈ ಸಲ ಬೇಡವೆಂದವಳು ಆಕೆ, ನಾನಲ್ಲ.